ಶಾಲು ಸಾಕು, ಸ್ಟೈಪೆಂಡ್ ಕೊಡಿ

ಕೋಪರಖೈರಣೆ, ವಾಶಿ, ಡೊಂಬಿವಲಿ, ಕಲ್ಯಾಣ ಎಲ್ಲಿಯೇ ಆಗಲಿ, ಕನ್ನಡ ಸಂಘದ ವಾರ್ಷಿಕೋತ್ಸವ ಎಂದರೆ ‘ಪ್ರತಿಭಾ ಪುರಸ್ಕಾರ’ ಇರಲೇಬೇಕು. ಹತ್ತು ಮತ್ತು ಹನ್ನೆರಡನೆಯ ತರಗತಿಯಲ್ಲಿ ಹೆಚ್ಚು ಅಂಕ ತೆಗೆದವರ ಸಾಲಿಗೆ ಈಗ ಇನ್ನೊಂದು ಬಗೆಯ ಪ್ರತಿಭೆ ಸೇರತೊಡಗಿದೆ: ಬೇಸಿಗೆಯಲ್ಲಿ ಜರ್ಮನಿಗೋ ಕೆನಡಾಕ್ಕೋ ಅಮೆರಿಕಕ್ಕೋ ಹೋಗಿ ಎರಡು ಮೂರು ತಿಂಗಳ ಸಂಶೋಧನಾ ಇಂಟರ್ನ್‌ಶಿಪ್ ಮುಗಿಸಿ ಬಂದವರು. ಅವರಿಗೂ ಶಾಲು, ಹಣ್ಣು, ಸ್ಮರಣಿಕೆ, ಒಂದು ಫೋಟೋ. ಹುಡುಗಿ ಅಲ್ಲಿ ಮಾಡಿದ್ದೇನು ಎಂದು ವೇದಿಕೆಯ ಮೇಲಿರುವ ಯಾರೂ ಕೇಳುವುದಿಲ್ಲ. ಹೇಗೆ ಹೋದಳು ಎಂದಂತೂ ಕೇಳುವುದೇ ಇಲ್ಲ. ಈ ಎರಡು ಪ್ರಶ್ನೆಗಳನ್ನು ಕೇಳದೆ ಹೊದಿಸಿದ ಶಾಲು ಸಲ್ಲುವುದು ಪ್ರತಿಭೆಗಲ್ಲ, ವಿಮಾನದ ಟಿಕೇಟಿಗೆ.

ಮಾಡಿದ್ದೇನು ಎಂಬುದನ್ನೇ ಮೊದಲು ನೋಡೋಣ. ಮೊದಲ ವಾರ ಲ್ಯಾಬಿನ ಸುರಕ್ಷತಾ ತರಬೇತಿ, ಓದಲು ಒಂದು ರಾಶಿ ಪ್ರಬಂಧಗಳು. ಆಮೇಲೆ ಉಪಕರಣದ ಮುಂದೆ ಕೂತು, ಮಾಡಿದ್ದನ್ನೆಲ್ಲ ದಿನಾಂಕ ಹಾಕಿ ಬರೆದಿಡುವ ಅಭ್ಯಾಸ. ಐದನೆಯ ವಾರದ ಹೊತ್ತಿಗೆ ಪ್ರಯೋಗ ಎರಡು ಮೂರು ಸಲ ಕೆಟ್ಟಿರುತ್ತದೆ. ವಾರದ ಸಭೆಯಲ್ಲಿ ಪ್ರೊಫೆಸರ್ ಬೈಯುವುದಿಲ್ಲ. ಯಾಕೆ ಕೆಟ್ಟಿತು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಯಾವ ಗೈಡಿನಲ್ಲೂ ಅಚ್ಚಾಗಿಲ್ಲ, ಕೇಳಿದವರಿಗೂ ಗೊತ್ತಿಲ್ಲ. ಇಬ್ಬರೂ ಕೂತು ಹುಡುಕಬೇಕು. ಒಳ್ಳೆಯ ಇಂಟರ್ನ್‌ಶಿಪ್‌ನ ತಿರುಳು ಇಷ್ಟೇ: ತಪ್ಪು ಮಾಡಲು ಹತ್ತು ವಾರಗಳ ಅನುಮತಿ, ತಪ್ಪನ್ನು ಗಂಭೀರವಾಗಿ ನೋಡುವ ಒಬ್ಬ ಹಿರಿಯರು. ಎಲ್ಲರಿಗೂ ಇಷ್ಟು ದಕ್ಕುವುದಿಲ್ಲ. ಬೇರೆ ಯಾರದೋ ದತ್ತಾಂಶವನ್ನು ಎಕ್ಸೆಲ್‌ಗೆ ತುಂಬಿ ಬರುವವರೂ ಇರುತ್ತಾರೆ. ಶಾಲು ಇಬ್ಬರಿಗೂ ಒಂದೇ.

ಇದರ ಪಕ್ಕದಲ್ಲಿ ಇಲ್ಲಿನ ಎಷ್ಟೋ ಕಾಲೇಜುಗಳ ‘ಪ್ರಾಕ್ಟಿಕಲ್’ ಅನ್ನು ಇಟ್ಟು ನೋಡಬೇಕು. ಹಿಂದಿನ ವರ್ಷದವರ ಜರ್ನಲ್ ನೋಡಿ ರೀಡಿಂಗ್ ಬರೆದುಕೊಳ್ಳುವುದು, ಸಹಿ ಹಾಕಿಸಿಕೊಳ್ಳುವುದು. ಪ್ರಯೋಗ ಕೆಡುವ ಪ್ರಶ್ನೆಯೇ ಇಲ್ಲ, ಏಕೆಂದರೆ ಪ್ರಯೋಗವೇ ಇಲ್ಲ. ಅಂತಿಮ ವರ್ಷದ ಪ್ರಾಜೆಕ್ಟ್ ದುಡ್ಡು ಕೊಟ್ಟರೆ ಸಿದ್ಧವಾಗಿ ಸಿಗುತ್ತದೆ. ಯಾಕೆ ಕೆಟ್ಟಿತು ಎಂಬ ಒಂದು ಪ್ರಶ್ನೆಯನ್ನು ಕೇಳಿಸಿಕೊಳ್ಳಲು ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಸಮುದ್ರ ದಾಟಬೇಕಾಯಿತು ಎಂದರೆ, ಅದು ಹೆಮ್ಮೆಗಿಂತ ಮೊದಲು ನಾಚಿಕೆ ಪಡಬೇಕಾದ ಸಂಗತಿ.

ಇನ್ನು, ಹೇಗೆ ಹೋದಳು? ಖರ್ಚು ಕೊಡುವ ಒಳ್ಳೆಯ ಕಾರ್ಯಕ್ರಮಗಳಿವೆ. ಕೆನಡಾದ ಮೈಟಾಕ್ಸ್ ಗ್ಲೋಬಲಿಂಕ್ ಹನ್ನೆರಡು ವಾರಗಳದ್ದು. ಭಾರತ ಮತ್ತು ಅಮೆರಿಕ ಸೇರಿ ಎಸ್. ಎನ್. ಬೋಸ್ ವಿದ್ಯಾರ್ಥಿವೇತನವನ್ನು ರೂಪಿಸಿದ್ದವು. ಜರ್ಮನಿಯ ಡಿಎಎಡಿ ಸಂಸ್ಥೆಯ ‘ವೈಸ್’ ಕಾರ್ಯಕ್ರಮ ಐಐಟಿ, ಎನ್‌ಐಟಿ, ಐಸರ್‌ಗಳಂಥ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗಷ್ಟೇ ಬಾಗಿಲು ತೆರೆಯುತ್ತ ಬಂದಿದೆ. ಅಂದರೆ ಒಳ್ಳೆಯ ಲ್ಯಾಬ್ ಈಗಾಗಲೇ ಇರುವವರಿಗೆ ಇನ್ನೂ ಒಳ್ಳೆಯ ಲ್ಯಾಬ್. ಪಟ್ಟಿ ಇಲ್ಲದ ಕಡೆಯೂ ಶಿಫಾರಸು ಪತ್ರ ಬೇಕು. ನೂರಿಪ್ಪತ್ತು ಮಕ್ಕಳ ತರಗತಿಯಲ್ಲಿ ಹೆಸರೇ ಗೊತ್ತಿರದ ಅಧ್ಯಾಪಕರು ಯಾವ ಪತ್ರ ಬರೆದಾರು? ಉಳಿದ ದಾರಿ, ಪ್ರೊಫೆಸರುಗಳಿಗೆ ನೇರವಾಗಿ ಇಮೇಲ್ ಕಳಿಸುವುದು. ನೂರಕ್ಕೆ ಒಂದು ಉತ್ತರ ಬಂದರೂ ಅದು ಹೀಗಿರುತ್ತದೆ: ಬನ್ನಿ, ಆದರೆ ಖರ್ಚು ನಿಮ್ಮದು. ಆಗ ವಿಮಾನ, ಬಾಡಿಗೆ, ವಿಮೆ, ವೀಸಾಕ್ಕಾಗಿ ಬ್ಯಾಂಕಿನಲ್ಲಿ ತೋರಿಸಬೇಕಾದ ಹಣ, ಎಲ್ಲವೂ ಅಪ್ಪನ ಜೇಬಿನಿಂದ ಬರಬೇಕು. ಅಷ್ಟಾದರೂ ಭರವಸೆ ಇಲ್ಲ. 2025ರ ಮೇ ಕೊನೆಯಲ್ಲಿ ಅಮೆರಿಕ ಸರಕಾರ ವಿದ್ಯಾರ್ಥಿ ವೀಸಾಗಳಿಗೆ ಹೊಸ ಸಂದರ್ಶನ ನಿಗದಿಪಡಿಸುವುದನ್ನು ಕೆಲವು ವಾರ ನಿಲ್ಲಿಸಿತು. ಬೇಸಿಗೆ ಇಂಟರ್ನ್‌ಶಿಪ್ ಪಾಲಿಗೆ ಆ ಕೆಲವು ವಾರಗಳೆಂದರೆ ಬೇಸಿಗೆಯೇ.

ಕೋಪರಖೈರಣೆ ಬರೀ ಅಪಾರ್ಟ್‌ಮೆಂಟುಗಳ ಊರಲ್ಲ. ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮಾಥಾಡಿ ಕಾರ್ಮಿಕರ ಮನೆಗಳು ಇಲ್ಲಿವೆ. ಹೋಟೆಲಿನಲ್ಲಿ ಕ್ಯಾಶಿಯರ್, ಕ್ಯಾಂಟೀನಿನಲ್ಲಿ ಅಡುಗೆಯವರಾಗಿರುವ ಉಡುಪಿ, ಕುಂದಾಪುರ ಕಡೆಯವರ ಮನೆಗಳೂ ಇವೆ. ಆ ಮನೆಯ ಮಗಳಿಗೆ ಬೇಸಿಗೆ ಎಂದರೆ ಟ್ಯೂಷನ್ ಹೇಳಿ ಮುಂದಿನ ವರ್ಷದ ಫೀಸಿಗೆ ನಾಲ್ಕು ಕಾಸು ಕೂಡಿಸುವ ಕಾಲ. ಪ್ರತಿಭೆ ಇದ್ದವರು ಹೇಗೂ ಮೇಲೆ ಬರುತ್ತಾರೆ ಎನ್ನುವವರು ಮೇಲೆ ಬಂದವರನ್ನು ಮಾತ್ರ ಎಣಿಸುತ್ತಾರೆ.

ಹಾಗಾದರೆ ಪರದೇಶಕ್ಕೆ ಹೋಗಲೇಬಾರದೇ? ಅವಕಾಶ ಸಿಕ್ಕವರು ಖಂಡಿತ ಹೋಗಬೇಕು. ಆದರೆ ಸಂಶೋಧನೆಯ ಮೊದಲ ರುಚಿ ಅಲ್ಲೇ ಸಿಗಬೇಕು ಎಂಬ ನಿಯಮವೇನಿಲ್ಲ. ವಾಶಿಯಿಂದ ಲೋಕಲ್ ಹಿಡಿದರೆ ಖಾಡಿ ದಾಟಿದ ಮುಂದಿನ ಸ್ಟೇಷನ್ ಮಾನಖುರ್ದ್. ಅಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಪದವಿ ವಿದ್ಯಾರ್ಥಿಗಳಿಗಾಗಿಯೇ ಅದು ಶಿಬಿರ ಮತ್ತು ಪ್ರಾಜೆಕ್ಟುಗಳನ್ನು ನಡೆಸುತ್ತ ಬಂದಿದೆ. ಖಾರ್‌ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ನವೀನ ಪನವೇಲಿನಲ್ಲಿ ಭೂಕಾಂತತ್ವ ಸಂಸ್ಥೆ, ಕೊಲಾಬಾದಲ್ಲಿ ಟಿಐಎಫ್‌ಆರ್ ಇವೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಯಾವ ಊರಿನ ಕಾಲೇಜಿನವರೂ ಅರ್ಜಿ ಹಾಕಬಹುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರಕ್ಕೂ ತನ್ನದೇ ಬೇಸಿಗೆ ಫೆಲೋಶಿಪ್ ಇದೆ.

ಟಿಐಎಫ್‌ಆರ್ ಹುಟ್ಟಿದ ಕಥೆಯನ್ನೂ ಇಲ್ಲಿ ನೆನೆಯಬೇಕು. 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆಂದು ಊರಿಗೆ ಬಂದಿದ್ದ ಹೋಮಿ ಭಾಭಾ ಯುದ್ಧ ಶುರುವಾದ್ದರಿಂದ ಹಿಂತಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1944ರಲ್ಲಿ ಟಾಟಾ ಟ್ರಸ್ಟಿಗೆ ಬರೆದ ಪತ್ರದಲ್ಲಿ ಅವರ ವಾದ ಸ್ಪಷ್ಟವಾಗಿತ್ತು: ಪರಮಾಣು ಶಕ್ತಿಯ ಕಾಲ ಬಂದಾಗ ಭಾರತ ತಜ್ಞರಿಗಾಗಿ ಹೊರಗೆ ಹುಡುಕುವಂತಾಗಬಾರದು, ಅವರು ಇಲ್ಲಿಯೇ ಸಿದ್ಧರಿರಬೇಕು. ಮರುವರ್ಷ ಟಿಐಎಫ್‌ಆರ್ ಬೆಂಗಳೂರಿನಲ್ಲೇ ಶುರುವಾಗಿ, ಆ ವರ್ಷದ ಕೊನೆಗೆ ಮುಂಬಯಿಗೆ ಬಂತು. ಎಂಬತ್ತು ವರ್ಷಗಳ ಮೇಲೂ ಅದೇ ಮುಂಬಯಿಯ ಮಗ್ಗುಲಲ್ಲಿ ಬೋರ್ಡಿಂಗ್ ಪಾಸೇ ವಿಜ್ಞಾನದ ಗುರುತಾಗಿದೆ.

ಹತ್ತಿರದ ಲ್ಯಾಬಿಗೂ ಸ್ಪರ್ಧೆ ಇದೆ, ಸೀಟು ಕಡಿಮೆ, ಎಲ್ಲರಿಗೂ ಹಣ ಸಿಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಂಘಗಳು ಕೈ ಹಾಕಬೇಕಾದ್ದು ಅಲ್ಲಿಯೇ. ಹಗಲೆಲ್ಲ ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆ ತೆರೆದವರು ಮುಂಬಯಿ ಕನ್ನಡಿಗರು. ಓದುವವರ ಹೊತ್ತಿಗೆ ಶಾಲೆಯೇ ಹೊಂದಿಕೊಳ್ಳಬೇಕು ಎಂಬ ತಿಳಿವಳಿಕೆ ಆ ಹಿರಿಯರಿಗಿತ್ತು. ಅವರು ಓದಲು ಬೆಳಕು ಕೊಟ್ಟರು. ಓದು ಮುಗಿಸಿದವರಿಗೆ ಶಾಲು ಹೊದಿಸುವುದಷ್ಟೇ ತಮ್ಮ ಕೆಲಸ ಎಂದುಕೊಳ್ಳಲಿಲ್ಲ.

ಇವತ್ತಿನ ರಾತ್ರಿ ಶಾಲೆ ಎಂದರೆ ಬೇಸಿಗೆಯ ಸ್ಟೈಪೆಂಡ್. ತಿಂಗಳಿಗೆ 10,000 ರೂಪಾಯಿಯಂತೆ ಎರಡು ತಿಂಗಳು, ಹತ್ತು ಮಕ್ಕಳಿಗೆ 2 ಲಕ್ಷ. ವಾರ್ಷಿಕೋತ್ಸವದ ಸಭಾಂಗಣ, ಸೌಂಡ್ ಸಿಸ್ಟಮ್, ಊಟದ ಬಿಲ್ ನೋಡಿದವರಿಗೆ ಇದು ದೊಡ್ಡ ಮೊತ್ತವಾಗಿ ಕಾಣಲಾರದು. ಟ್ಯೂಷನ್ ಬಿಟ್ಟು ಲ್ಯಾಬಿಗೆ ಹೋದರೆ ಮನೆಗೆ ಆಗುವ ನಷ್ಟವನ್ನು ಅದು ತುಂಬುತ್ತದೆ. ಆಯ್ಕೆಯಲ್ಲಿ ಕಾಲೇಜಿನ ಹೆಸರು ಮುಚ್ಚಿಟ್ಟು, ಮಕ್ಕಳು ಬರೆದ ಒಂದು ಪುಟದ ಪ್ರಶ್ನೆಯನ್ನಷ್ಟೇ ಓದಲಿ. ಹೊರದೇಶಕ್ಕೆ ಹೋಗಿ ಬಂದವರನ್ನು ವೇದಿಕೆಯ ಮೇಲೆ ನಿಲ್ಲಿಸುವ ಬದಲು ಒಂದು ಭಾನುವಾರ ಕಿರಿಯರೊಂದಿಗೆ ಕೂರಿಸಲಿ. ಇಮೇಲ್ ಹೇಗೆ ಬರೆದೆ, ಎಷ್ಟು ಸಲ ‘ಇಲ್ಲ’ ಬಂತು, ಪ್ರಯೋಗ ಎಲ್ಲಿ ಕೆಟ್ಟಿತು ಎಂಬುದನ್ನು ಅವರು ಕನ್ನಡದಲ್ಲಿ ಹೇಳಲಿ. ಇಂಗ್ಲಿಷಿಗೆ ಹೆದರಿ ಅರ್ಜಿಯನ್ನೇ ತೆರೆಯದ ಹುಡುಗನಿಗೆ ಹತ್ತು ಶಾಲುಗಳಿಗಿಂತ ಆ ಒಂದು ಗಂಟೆ ಹೆಚ್ಚು ಉಪಕಾರಿ.

ಈ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಕೊನೆಯ ದಿನ ಸೆಪ್ಟೆಂಬರಿನಿಂದ ನವೆಂಬರಿನೊಳಗೆ ಬರುತ್ತದೆ. ಸಂಘದ ಬಾಗಿಲಲ್ಲಿ ವಾರ್ಷಿಕೋತ್ಸವದ ಆಮಂತ್ರಣಕ್ಕಿಂತ ಮುಂಚೆ, ಗಣಪತಿ ಹಬ್ಬದ ಹೊತ್ತಿಗೇ, ಆ ದಿನಾಂಕಗಳ ಪಟ್ಟಿ ಅಂಟಿರಬೇಕು.