ಬೆಕ್ಕು ಹೊಟ್ಟೆ ತೋರಿಸಿದರೆ ಸವರು ಎಂದು ಅರ್ಥವೇ?

ಮಗು ಬೆಕ್ಕನ್ನು ಮುದ್ದು ಮಾಡುತ್ತಿರುತ್ತದೆ. ಬೆಕ್ಕು ಪಟ್ಟನೆ ತಿರುಗಿ ಕೈ ಕಚ್ಚುತ್ತದೆ. ಇಂಥ ವಿಡಿಯೊಗಳ ಜೊತೆ ‘ಬೆಕ್ಕಿಗೆ ನಿಯತ್ತಿಲ್ಲ’ ಎಂಬ ಮಾತೂ ಫಾರ್ವರ್ಡ್ ಆಗುತ್ತದೆ. ಆದರೆ ಕಚ್ಚುವ ಮೊದಲು ಬೆಕ್ಕು ಸಾಮಾನ್ಯವಾಗಿ ತನ್ನ ಮೈಯಿಂದಲೇ ‘ಸಾಕು’ ಎಂದು ಹೇಳಿರುತ್ತದೆ. ನಾವು ಅದನ್ನು ಗಮನಿಸಿರುವುದಿಲ್ಲ.

ನಂಬಿಕೆ 1: ಹೊಟ್ಟೆ ತೋರಿಸಿದರೆ ಸವರಬೇಕು

ಹಾಗೇನಿಲ್ಲ. ನಿಮ್ಮೆದುರು ಭಯವಿಲ್ಲದ ಬೆಕ್ಕು ಹೀಗೆ ಹೊರಳುತ್ತದೆ. ಆದರೆ ಹೊಟ್ಟೆ ಅದರ ಅತಿ ಸೂಕ್ಷ್ಮ ಭಾಗ. ಅಲ್ಲಿ ಕೈಯಿಟ್ಟರೆ ಅನೇಕ ಬೆಕ್ಕುಗಳು ನಾಲ್ಕೂ ಕಾಲುಗಳಿಂದ ಕೈ ಹಿಡಿದು ಪರಚುತ್ತವೆ.

ನಂಬಿಕೆ 2: ಗುರ್ ಗುರ್ ಎಂದರೆ ಖುಷಿಯಾಗಿದೆ

ಬಹಳಷ್ಟು ಸಲ ಹೌದು, ಯಾವಾಗಲೂ ಅಲ್ಲ. ನೋವಿನಲ್ಲಿರುವ, ಕಾಯಿಲೆ ಬಿದ್ದ ಬೆಕ್ಕೂ ಹೀಗೆ ಸದ್ದು ಮಾಡುತ್ತದೆ. ಊಟ ಬಿಟ್ಟು, ಮೂಲೆಯಲ್ಲಿ ಮುದುಡಿ ಕೂತು ಗುರ್‌ಗುಡುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ.

ನಂಬಿಕೆ 3: ಬಾಲ ಬೀಸಿದರೆ ಪ್ರೀತಿ

ಅದು ನಾಯಿಯ ಲೆಕ್ಕ. ಬಾಲವನ್ನು ನೆಟ್ಟಗೆ ಎತ್ತಿಕೊಂಡು ಬರುವ ಬೆಕ್ಕು ಸ್ನೇಹದಲ್ಲಿದೆ. ಬಾಲವನ್ನು ಪಟಪಟ ಬಡಿಯುವ ಬೆಕ್ಕಿಗೆ ಕಿರಿಕಿರಿಯಾಗಿದೆ. ಕಿವಿ ಹಿಂದಕ್ಕೆ ಮಡಚಿದರೆ, ಬೆನ್ನಿನ ಚರ್ಮ ಅದುರಿದರೆ, ತಲೆ ಥಟ್ಟನೆ ನಿಮ್ಮ ಕೈಯತ್ತ ತಿರುಗಿದರೆ ಕೂಡಲೇ ನಿಲ್ಲಿಸಿ.

ಹಾಗಾದರೆ ಸವರುವುದು ಹೇಗೆ?

ನೀವಾಗಿ ಎತ್ತಿಕೊಳ್ಳಬೇಡಿ. ಕೆಳಗೆ ಕೂತು ಕೈ ಚಾಚಿ, ಬೆಕ್ಕು ಮೂಸಲಿ. ಕೆನ್ನೆ ಉಜ್ಜಿದರೆ ಒಪ್ಪಿಗೆ ಸಿಕ್ಕಂತೆ. ಕೆನ್ನೆ, ಗದ್ದ, ಕಿವಿಯ ಬುಡ ಸವರಿ. ಹೊಟ್ಟೆ ಮತ್ತು ಬಾಲದ ಬುಡ ಬೇಡ. ಕೆಲವು ಸೆಕೆಂಡಿಗೊಮ್ಮೆ ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಹತ್ತಿರ ಬರುತ್ತದೆ.

ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥದೇ ನಿಯಮಗಳನ್ನು ಲಂಡನ್ನಿನ ಪ್ರಾಣಿ ಆಶ್ರಯತಾಣವೊಂದರ 100 ಬೆಕ್ಕುಗಳೊಂದಿಗೆ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಜನರಿಗೆ ನಿಯಮ ಕಲಿಸಿದ ಮೇಲೆ ಬೆಕ್ಕುಗಳ ಸಿಟ್ಟು ಕಡಿಮೆಯಾಗಿ ಸ್ನೇಹ ಹೆಚ್ಚಿತ್ತು. ಬದಲಾಗಿದ್ದು ಜನರು ಮುಟ್ಟುವ ರೀತಿ ಮಾತ್ರ.

ಆದರೂ ಕಚ್ಚಿದರೆ?

‘ರೇಬಿಸ್ ಬರುವುದು ನಾಯಿ ಕಚ್ಚಿದರೆ ಮಾತ್ರ’ ಎಂಬುದು ಅಪಾಯಕಾರಿ ತಪ್ಪು ತಿಳಿವಳಿಕೆ. ನಾಯಿಯಿಂದ ಹರಡುವುದೇ ಹೆಚ್ಚು, ನಿಜ. ಆದರೆ ಸೋಂಕು ತಗುಲಿದ ಬೆಕ್ಕು ಕಚ್ಚಿದರೂ ಪರಚಿದರೂ ರೇಬಿಸ್ ಬರಬಹುದು. ರೋಗಲಕ್ಷಣ ಕಾಣಿಸಿದ ಮೇಲೆ ಬದುಕುಳಿಯುವುದು ತೀರಾ ಅಪರೂಪ.

ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ‘ನಮ್ಮ ಮನೆ ಬೆಕ್ಕೇ ತಾನೇ’ ಎಂದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಹೋಗಿ. ಲಸಿಕೆ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಬೈಗುಳ ಬಿದ್ದೀತೆಂದು ಮಕ್ಕಳು ಸಣ್ಣ ಗಾಯವನ್ನು ಮುಚ್ಚಿಡುತ್ತಾರೆ. ಬೆಕ್ಕು ಪರಚಿದರೆ ಬಂದು ಹೇಳು, ಬೈಯುವುದಿಲ್ಲ ಎಂದು ಇವತ್ತೇ ಅವರಿಗೆ ತಿಳಿಸಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.