ಸ್ಟೀರಿಂಗ್ ಸ್ಟೆಬಿಲೈಸರ್ ಮಾರಾಟ ಮತ್ತು ವ್ಯಾಪಾರಸ್ಥರ ಹೊಣೆ

ಜೀಪು ಮಾದರಿಯ ವಾಹನವೊಂದರ ಮಾಲೀಕರು ಬಿಡಿಭಾಗಗಳ ಅಂಗಡಿಗೆ ಬರುತ್ತಾರೆ. ರಸ್ತೆಯ ಗುಂಡಿಯೊಂದರ ಮೇಲೆ ಚಕ್ರ ಹಾದುಹೋದೊಡನೆ ಸ್ಟೀರಿಂಗ್ ಕೈಯಲ್ಲಿ ನಿಲ್ಲದಷ್ಟು ನಡುಗಿತೆಂದೂ, ವಾಹನವನ್ನು ಪೂರ್ತಿಯಾಗಿ ನಿಧಾನಗೊಳಿಸಿದ ಮೇಲಷ್ಟೇ ನಡುಕ ನಿಂತಿತೆಂದೂ ಹೇಳುತ್ತಾರೆ. ‘ಈಗಿರುವುದು ಸಣ್ಣದು, ಇದಕ್ಕಿಂತ ದಪ್ಪನೆಯ ಸ್ಟೆಬಿಲೈಸರ್ ಹಾಕಿಕೊಡಿ’ ಎಂಬುದು ಅವರ ಬೇಡಿಕೆ. ಅಂಗಡಿಯವರು ಕಪಾಟಿನಿಂದ ಮೂರು ಪೆಟ್ಟಿಗೆಗಳನ್ನು ಇಳಿಸಿ ಬೆಲೆ ಹೇಳುತ್ತಾರೆ. ಎರಡು ಬೋಲ್ಟು ಬಿಚ್ಚಿ, ಎರಡು ಬೋಲ್ಟು ಬಿಗಿದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ವಾಹನದ ಕೆಳಗೆ ಮಲಗಿ, ನಡುಕಕ್ಕೆ ಕಾರಣವೇನೆಂದು ಪರೀಕ್ಷಿಸಿದವರು ಈ ವ್ಯವಹಾರದಲ್ಲಿ ಯಾರೂ ಇಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಮಲೆನಾಡಿನ ತಾಲ್ಲೂಕು ಕೇಂದ್ರಗಳವರೆಗೆ ಈ ಬಗೆಯ ಸರಕನ್ನು ಮಾರುವ ಅಂಗಡಿಗಳಿಗೂ, ಇದನ್ನು ತಯಾರಿಸಲು ಉತ್ಸುಕರಾಗಿರುವ ಸಣ್ಣ ಕೈಗಾರಿಕೆಗಳಿಗೂ ಇಂತಹ ಮಾರಾಟ ಲಾಭದಾಯಕವಾಗಿ ತೋರುವುದು ಸಹಜ. ಆದರೆ ಅದು ಮೊದಲ ದಿನದ ಲೆಕ್ಕದಲ್ಲಿ ಮಾತ್ರ ಲಾಭ. ಪರೀಕ್ಷೆಯಿಲ್ಲದೆ ಅಳವಡಿಸಿದ ಸ್ಟೆಬಿಲೈಸರ್ ಗ್ರಾಹಕರ ಪ್ರಾಣಕ್ಕೂ ಮಾರಿದವರ ಬಂಡವಾಳಕ್ಕೂ ಏಕಕಾಲದಲ್ಲಿ ಅಪಾಯ ತರಬಲ್ಲದು.

ಸ್ಟೀರಿಂಗ್ ಸ್ಟೆಬಿಲೈಸರ್ ಅಥವಾ ಸ್ಟೀರಿಂಗ್ ಡ್ಯಾಂಪರ್ ಎಂಬುದು ಮೂಲತಃ ಅಡ್ಡವಾಗಿ ಮಲಗಿಸಿದ ಒಂದು ಶಾಕ್ ಅಬ್ಸಾರ್ಬರ್. ಅದರ ಒಂದು ತುದಿ ಆಕ್ಸಲ್‌ಗೆ ಅಥವಾ ಚಾಸಿಗೆ, ಇನ್ನೊಂದು ತುದಿ ಎರಡೂ ಮುಂಗಾಲಿಗಳನ್ನು ಜೋಡಿಸುವ ಟೈ ರಾಡ್‌ಗೆ ಬಿಗಿಯಲ್ಪಟ್ಟಿರುತ್ತದೆ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳುತ್ತಾ ಚಲಿಸುವುದರಿಂದ, ಚಲನೆ ನಿಧಾನವಾಗಿದ್ದರೆ ಪ್ರತಿರೋಧ ಕಡಿಮೆ. ಕಲ್ಲು ಹೊಡೆದಾಗಿನಂತೆ ಚಲನೆ ಹಠಾತ್ತಾಗಿದ್ದರೆ ಪ್ರತಿರೋಧ ಹೆಚ್ಚು. ಅಷ್ಟೇ ಅದರ ಕೆಲಸ. ಚಕ್ರವನ್ನು ನೇರಕ್ಕೆ ತರುವ ಶಕ್ತಿ ಅದಕ್ಕಿಲ್ಲ. ಸಡಿಲಗೊಂಡ ಭಾಗವನ್ನು ಬಿಗಿಮಾಡುವ ಶಕ್ತಿಯಂತೂ ಇಲ್ಲವೇ ಇಲ್ಲ. ಮನೆಯ ಫ್ರಿಜ್ಜಿಗೆ ಜೋಡಿಸುವ ಸ್ಟೆಬಿಲೈಸರ್ ಏರಿಳಿಯುವ ವಿದ್ಯುತ್ತನ್ನು ಸರಿಪಡಿಸಿಕೊಡುತ್ತದೆ. ಅದೇ ಹೆಸರನ್ನು ಹೊತ್ತಿರುವ ಈ ವಸ್ತುವಿನಿಂದಲೂ ಗ್ರಾಹಕರು ಅಂತಹದೇ ಉಪಕಾರವನ್ನು ನಿರೀಕ್ಷಿಸುವುದುಂಟು. ಡ್ಯಾಂಪರ್ ಎಂಬ ಹೆಸರೇ ಹೆಚ್ಚು ಪ್ರಾಮಾಣಿಕವಾದದ್ದು.

ಹೆದ್ದಾರಿಯ ವೇಗದಲ್ಲಿ ಮುಂಗಾಲಿಗಳು ಎಡಬಲಕ್ಕೆ ಬಿರುಸಿನಿಂದ ಹೊಯ್ದಾಡುವ ಈ ಸ್ಥಿತಿಯನ್ನು ಅಮೆರಿಕದ ವಾಹನಪ್ರಿಯರು ‘ಡೆತ್ ವಾಬಲ್’ ಎಂದು ಕರೆಯುತ್ತಾರೆ. ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹೊತ್ತಿರುವ ವಾಹನಗಳಲ್ಲಿ ಇದು ಪ್ರಮುಖವಾಗಿ ಕಾಣಿಸಿಕೊಳ್ಳುತ್ತದೆ. ಇದರ ಮೂಲ ಸಾಮಾನ್ಯವಾಗಿ ಬೇರೆಡೆ ಇರುತ್ತದೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿದಿಡುವ ಟ್ರ್ಯಾಕ್ ಬಾರ್‌ನ ಬುಷ್ ಸವೆದಿರಬಹುದು, ಅದರ ಬೋಲ್ಟಿನ ರಂಧ್ರ ಮೊಟ್ಟೆಯಾಕಾರಕ್ಕೆ ಅಗಲವಾಗಿರಬಹುದು. ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟಿನಲ್ಲಿ ಪ್ಲೇ ಬಂದಿರಬಹುದು. ಚಕ್ರದ ಬೇರಿಂಗ್ ಸಡಿಲಗೊಂಡಿರಬಹುದು. ಟೈರಿನ ಸಮತೋಲನ ತಪ್ಪಿರಬಹುದು. ವಾಹನವನ್ನು ಎರಡು ಮೂರು ಅಂಗುಲ ಎತ್ತರಿಸಿ ದೊಡ್ಡ ಟೈರು ತೊಡಿಸಿದ್ದರಂತೂ ಕಾರಣ ಇನ್ನಷ್ಟು ಸ್ಪಷ್ಟ. ಎತ್ತರಿಸಿದಾಗ ಆಕ್ಸಲ್ ತುಸು ತಿರುಗಿ ಕ್ಯಾಸ್ಟರ್ ಕೋನ ಕುಗ್ಗುತ್ತದೆ. ಚಕ್ರ ತಾನಾಗಿ ನೇರಕ್ಕೆ ಮರಳುವ ಗುಣ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಪಟ್ಟಿ ಸ್ಪ್ರಿಂಗಿನ ವಾಹನದಲ್ಲಿ ಇದಕ್ಕೆ ಪರಿಹಾರ ಸ್ಪ್ರಿಂಗು ಮತ್ತು ಆಕ್ಸಲ್‌ಗಳ ನಡುವೆ ಕೂರಿಸುವ ಓರೆಯಾದ ಲೋಹದ ಬಿಲ್ಲೆಯೇ ಹೊರತು, ದಪ್ಪನೆಯ ಡ್ಯಾಂಪರ್ ಅಲ್ಲ.

ಬಲವಾದ ಡ್ಯಾಂಪರನ್ನು ಹಾಕಿದಾಗ ನಡುಕ ಕೆಲಕಾಲ ಅಡಗುವುದು ನಿಜ. ಅಪಾಯವಿರುವುದು ಅಲ್ಲಿಯೇ. ತಾಳೆಪಟ್ಟಿಯ ಎರಡು ಬದಿಗಳು ಹೊಂದದಿದ್ದಾಗ ವ್ಯತ್ಯಾಸದ ಮೊತ್ತವನ್ನು ಅನಾಮತು ಖಾತೆಗೆ ಹಾಕಿ ಪಟ್ಟಿಯನ್ನು ಹೊಂದಿಸಿಬಿಡುವ ಗುಮಾಸ್ತರ ಕೆಲಸದಂತೆ ಇದು. ಪಟ್ಟಿ ಸರಿಹೊಂದಿತು, ತಪ್ಪು ಮಾತ್ರ ಪುಸ್ತಕದೊಳಗೇ ಉಳಿಯಿತು. ಸವೆದ ಬುಷ್ ಇನ್ನಷ್ಟು ಸವೆಯುತ್ತದೆ, ಸಡಿಲಗೊಂಡ ಬೋಲ್ಟು ಇನ್ನಷ್ಟು ಸಡಿಲಗೊಳ್ಳುತ್ತದೆ. ಡ್ಯಾಂಪರ್ ಸೋತ ದಿನ ನಡುಕ ಮರಳುವಾಗ ಮೊದಲಿಗಿಂತ ತೀವ್ರವಾಗಿರುತ್ತದೆ.

ಅಮೆರಿಕದ ಅನುಭವವನ್ನು ಇಲ್ಲಿನ ವ್ಯಾಪಾರಸ್ಥರು ಗಮನಿಸುವುದು ಉಚಿತ. 2018ರ ಹೊಸ ಜೀಪ್ ರಾಂಗ್ಲರ್ ರಸ್ತೆಗಿಳಿದ ಬಳಿಕ ಇಂತಹ ನಡುಕದ ದೂರುಗಳು ಬಂದವು. ಶೀತ ಹವೆಯಲ್ಲಿ ಡ್ಯಾಂಪರಿನ ಎಣ್ಣೆಯೊಳಗೆ ಗಾಳಿಗುಳ್ಳೆಗಳು ಸೇರುವುದೇ ಕಾರಣವೆಂದು ವಿವರಿಸಿದ ತಯಾರಕರಾದ ಫಿಯಟ್ ಕ್ರೈಸ್ಲರ್ ಸಂಸ್ಥೆಯವರು 2019ರಲ್ಲಿ ಮಾರ್ಪಡಿಸಿದ ಡ್ಯಾಂಪರನ್ನು ಉಚಿತವಾಗಿ ಅಳವಡಿಸಿಕೊಡಲು ಮುಂದಾದರು. ಅದೇ ವರ್ಷ ಮಿಷಿಗನ್ ರಾಜ್ಯದ ಫೆಡರಲ್ ನ್ಯಾಯಾಲಯದಲ್ಲಿ ಸಾಮೂಹಿಕ ದಾವೆ ಹೂಡಲ್ಪಟ್ಟಿತು. ಡ್ಯಾಂಪರಿನ ಬದಲಾವಣೆ ಮೇಲುಮೇಲಿನ ಉಪಚಾರವೆಂದೂ, ದೋಷ ಮುಂಭಾಗದ ವಿನ್ಯಾಸದಲ್ಲಿಯೇ ಇದೆಯೆಂದೂ ದಾವೆದಾರರು ವಾದಿಸಿದರು. ರಾಂಗ್ಲರ್ ಜೊತೆಗೆ 2020ರ ಗ್ಲಾಡಿಯೇಟರ್ ಪಿಕಪ್ಪನ್ನೂ ಒಳಗೊಂಡ ಆ ದಾವೆ ರಾಜಿಯಲ್ಲಿ ಮುಗಿಯಿತಾದರೂ, ಮುಂಭಾಗದ ಡ್ಯಾಂಪರಿನ ವಾರಂಟಿಯನ್ನು 8 ವರ್ಷ ಅಥವಾ 90,000 ಮೈಲಿಗೆ, ಅಂದರೆ ಸುಮಾರು 1,45,000 ಕಿಲೋಮೀಟರಿಗೆ, ವಿಸ್ತರಿಸುವ ಹೊರೆಯನ್ನು ಕಂಪನಿ ಹೊರಬೇಕಾಯಿತು. ಫೋರ್ಡ್ ಕಂಪನಿಯ ಎಫ್-250 ಮತ್ತು ಎಫ್-350 ಪಿಕಪ್‌ಗಳ ಬಗ್ಗೆಯೂ 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ಸ್ವರೂಪದ ದಾವೆ ದಾಖಲಾಯಿತು. ವಾಹನದ ನಕ್ಷೆ, ಪರೀಕ್ಷಾ ಪಥ, ನೂರಾರು ಎಂಜಿನಿಯರುಗಳು ಇರುವ ಕಂಪನಿಗಳಿಗೇ ಡ್ಯಾಂಪರಿನ ವಿಷಯ ಇಷ್ಟು ದುಬಾರಿಯಾದ ಮೇಲೆ, ಒಂದು ಕಪಾಟಿನ ಸರಕನ್ನು ನಂಬಿದ ಅಂಗಡಿಯವರು ‘ಇದನ್ನು ಹಾಕಿದರೆ ನಡುಕ ಹೋಗುತ್ತದೆ’ ಎಂದು ಭರವಸೆ ಕೊಡುವುದು ಎಷ್ಟರ ಮಟ್ಟಿಗೆ ಸರಿ?

ಹಾಗೆಂದು ಡ್ಯಾಂಪರಿನ ಮೇಲ್ದರ್ಜೆಯ ಬದಲಾವಣೆಯೇ ಅನಗತ್ಯವೆಂದಲ್ಲ. ಎಣ್ಣೆ ಸೋರಿದ, ಕೈಯಿಂದ ಎಳೆದು ತಳ್ಳಿದಾಗ ನಡುನಡುವೆ ಪೊಳ್ಳಾಗಿ ಜಾರುವ ಡ್ಯಾಂಪರನ್ನು ಬದಲಿಸಲೇಬೇಕು. ಉಳಿದೆಲ್ಲ ಭಾಗಗಳೂ ಸುಸ್ಥಿತಿಯಲ್ಲಿದ್ದು, ಭಾರವಾದ ಟೈರುಗಳಿಂದಾಗಿ ಕಲ್ಲುದಾರಿಯಲ್ಲಿ ಸ್ಟೀರಿಂಗ್ ಕೈಗೆ ಬಡಿಯುತ್ತಿದ್ದರೆ ತುಸು ಬಲವಾದದ್ದನ್ನು ಹಾಕುವುದು ಸಮಂಜಸವೇ. ಕಾಫಿ ತೋಟಗಳ ದಾರಿಯಲ್ಲಿ ಇಂದಿಗೂ ದುಡಿಯುತ್ತಿರುವ ಪಟ್ಟಿ ಸ್ಪ್ರಿಂಗಿನ ಹಳೆಯ ಮಹೀಂದ್ರ ಜೀಪುಗಳು, ಮಾರುತಿ ಜಿಪ್ಸಿ, 2023ರಲ್ಲಿ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿ ಇವೆಲ್ಲ ಮುಂದೆ ಗಟ್ಟಿ ಆಕ್ಸಲ್ ಇರುವವು. ಟೊಯೋಟಾ ಹೈಲಕ್ಸ್, ಇಸುಝು ವಿ-ಕ್ರಾಸ್, 2020ರ ನಂತರದ ಥಾರ್ ಮುಂತಾದವುಗಳಲ್ಲಿ ಮುಂಗಾಲಿಗಳು ಸ್ವತಂತ್ರ ಸಸ್ಪೆನ್ಷನ್ ಮೇಲಿವೆ. ಅಲ್ಲಿ ನಡುಕ ಬಂದರೆ ಟೈರು, ಬುಷ್, ಅಲೈನ್‌ಮೆಂಟ್‌ಗಳನ್ನು ನೋಡಬೇಕೇ ವಿನಾ ಇದರ ಹಂಗು ಅಷ್ಟಾಗಿ ಇಲ್ಲ. ಅಂತಹ ವಾಹನದ ಮಾಲೀಕರಿಗೆ ‘ತಮಗೆ ಇದು ಬೇಡ’ ಎಂದು ಹೇಳಿ ಕಳುಹಿಸುವ ಅಂಗಡಿಗೆ ಅವರು ಬೇರೆ ಕೆಲಸಕ್ಕೆ ಮರಳಿ ಬರುತ್ತಾರೆ.

ಪೀಣ್ಯ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಲೇತು, ವೆಲ್ಡಿಂಗು, ಹೈಡ್ರಾಲಿಕ್ ಸಿಲಿಂಡರುಗಳ ಕೆಲಸ ಬಲ್ಲ ಸಣ್ಣ ಘಟಕಗಳು ಹಲವಿವೆ. ಅವುಗಳಿಗೆ ಈ ಸರಕು ಕೈಗೆಟುಕದ ವಸ್ತುವೇನಲ್ಲ. ಆದರೆ ವಿದೇಶಿ ಮಾದರಿಯನ್ನು ಬಿಚ್ಚಿ, ಅಳತೆ ತೆಗೆದು, ಬಣ್ಣ ಬಳಿದು ಮಾರುವವರು ಎರಡು ವಿಷಯಗಳಲ್ಲಿ ಎಡವುವ ಸಂಭವವಿದೆ. ಮೊದಲನೆಯದು ಅನಿಲದ ಒತ್ತಡ. ಒಂದೇ ಕೊಳವೆಯ, ಅನಿಲ ತುಂಬಿದ ಡ್ಯಾಂಪರ್ ತನ್ನ ರಾಡನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ. ರಾಡಿನ ವ್ಯಾಸ 14 ಮಿ.ಮೀ., ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 10 ಕೆ.ಜಿ. ಎಂದು ಭಾವಿಸಿದರೆ ಈ ನೂಕು ಸುಮಾರು 15 ಕೆ.ಜಿ.ಯಷ್ಟಾಗುತ್ತದೆ. ಲಂಬವಾಗಿ ನಿಂತ ಶಾಕ್ ಅಬ್ಸಾರ್ಬರಿನಲ್ಲಿ ಇದರಿಂದ ತೊಂದರೆಯಿಲ್ಲ. ಅಡ್ಡ ಮಲಗಿಸಿದಾಗ ಮಾತ್ರ ವಾಹನ ಇಡೀ ದಿನ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಎರಡನೆಯದು ಸ್ಟ್ರೋಕಿನ ಉದ್ದ. ಎಡಕೊನೆಯಿಂದ ಬಲಕೊನೆಯವರೆಗೆ ಟೈ ರಾಡ್ 200 ಮಿ.ಮೀ. ಸರಿಯುವ ವಾಹನಕ್ಕೆ 190 ಮಿ.ಮೀ. ಸ್ಟ್ರೋಕಿನ ಡ್ಯಾಂಪರ್ ಹಾಕಿದರೆ ಘಟ್ಟದ ಹಿಮ್ಮುರಿ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗುವ ಮೊದಲೇ ಡ್ಯಾಂಪರ್ ತಡೆಯುತ್ತದೆ, ಇಲ್ಲವೇ ಬೆಸುಗೆ ಹಾಕಿದ ಬ್ರಾಕೆಟ್ ಕಿತ್ತುಬರುತ್ತದೆ. ಒಂದರ ಬದಲು ಎರಡು ಡ್ಯಾಂಪರ್ ಜೋಡಿಸುವ ಷೋಕಿಯೂ ಉಂಟು. ಅದರಿಂದ ಸ್ಟೀರಿಂಗ್ ಭಾರವಾಗಿ, ಚಾಲಕರಿಗೆ ರಸ್ತೆಯ ಸುಳಿವೇ ಸಿಗದಂತಾಗುತ್ತದೆ.

ಈಗ ಹಣದ ವಿಷಯ. 2025ರ ಸೆಪ್ಟೆಂಬರ್ 22ರಿಂದ ಶೇ. 28ರ ದರದಲ್ಲಿದ್ದ ವಾಹನ ಬಿಡಿಭಾಗಗಳ ಜಿ.ಎಸ್.ಟಿ. ಶೇ. 18ಕ್ಕೆ ಇಳಿದಿದೆ. ಮೂಲಬೆಲೆ ರೂ. 8,000 ಇರುವ ಡ್ಯಾಂಪರ್ ಮೇಲಿನ ತೆರಿಗೆ ರೂ. 2,240 ಇದ್ದದ್ದು ರೂ. 1,440 ಆಯಿತು, ಗ್ರಾಹಕರಿಗೆ ರೂ. 800 ಉಳಿತಾಯ. ಮಾರಾಟ ಸುಲಭವಾಗಿದೆ, ಅದರೊಡನೆ ಆತುರದ ಮಾರಾಟವೂ ಸುಲಭವಾಗಿದೆ. ಈ ಸರಕಿನಲ್ಲಿ ಅಂಗಡಿಯವರಿಗೆ ಶೇ. 20 ಲಾಭವೆಂದು ಇಟ್ಟುಕೊಂಡರೆ ಒಂದಕ್ಕೆ ರೂ. 1,600. ನಡುಕ ಹೋಗಲಿಲ್ಲವೆಂದು ಗ್ರಾಹಕರು ಹಿಂದಿರುಗಿಸಿದ, ತಯಾರಕರು ಮರಳಿ ಸ್ವೀಕರಿಸದ ಒಂದೇ ಒಂದು ಡ್ಯಾಂಪರ್‌ಗಾಗಿ ರೂ. 8,000 ಮರುಪಾವತಿಸಬೇಕಾದಾಗ ಐದು ಮಾರಾಟಗಳ ಲಾಭ ಹರಿದುಹೋಗುತ್ತದೆ. ಅದರ ಬದಲು ಡ್ಯಾಂಪರ್ ಮಾರುವ ಮುನ್ನ ಪರೀಕ್ಷೆಗೆಂದೇ ಪ್ರತ್ಯೇಕ ಶುಲ್ಕ ವಿಧಿಸುವುದು ಮೇಲು. ಒಬ್ಬರು ಒಳಗೆ ಕುಳಿತು ಸ್ಟೀರಿಂಗನ್ನು ತುಸುತುಸುವೇ ಎಡಬಲಕ್ಕೆ ಆಡಿಸುತ್ತಿರಲು, ಇನ್ನೊಬ್ಬರು ಕೆಳಗೆ ಒಂದೊಂದೇ ಜಾಯಿಂಟಿಗೆ ಕೈಯಿಟ್ಟು ನೋಡಿದರೆ ಪ್ಲೇ ಇರುವ ಜಾಗ ಬಹುಪಾಲು ಗೊತ್ತಾಗುತ್ತದೆ. ಇದಕ್ಕೆ ಯಂತ್ರಕ್ಕಿಂತ ಅನುಭವಿ ಮೇಸ್ತ್ರಿಯ ಅಗತ್ಯವೇ ಹೆಚ್ಚು. ಕಂಡುಬಂದ ಬುಷ್, ಜಾಯಿಂಟುಗಳ ಮಾರಾಟವೂ ಅಂಗಡಿಯ ಪಾಲಿಗೇ ಬರುತ್ತದೆಯಲ್ಲವೆ?

ಕಾನೂನಿನ ದೃಷ್ಟಿಯಿಂದ ನೋಡಿದರೆ ವಿಷಯ ಇನ್ನೂ ಗಂಭೀರ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಆರನೆಯ ಅಧ್ಯಾಯ ಉತ್ಪನ್ನ ಹೊಣೆಗಾರಿಕೆಯನ್ನು ಕುರಿತದ್ದು. 84ನೇ ಕಲಮಿನ ಪ್ರಕಾರ ವಿನ್ಯಾಸದ ದೋಷಕ್ಕೆ ಮಾತ್ರವಲ್ಲ, ಬಳಕೆಯ ಸೂಚನೆ ಅಥವಾ ಎಚ್ಚರಿಕೆಯನ್ನು ಸಾಕಷ್ಟು ನೀಡದಿದ್ದುದಕ್ಕೂ ತಯಾರಕರು ಹೊಣೆ; ಸ್ಪಷ್ಟ ವಾರಂಟಿ ಕೊಟ್ಟಿದ್ದರೆ, ತಮ್ಮಿಂದ ನಿರ್ಲಕ್ಷ್ಯವಾಗಿಲ್ಲವೆಂಬ ಸಮರ್ಥನೆಯೂ ಅವರನ್ನು ಉಳಿಸುವುದಿಲ್ಲ. 86ನೇ ಕಲಮು ಮಾರಾಟಗಾರರಿಗೆ ಸಂಬಂಧಿಸಿದ್ದು. ತಯಾರಕರು ಕೊಡದ ಭರವಸೆಯನ್ನು ಅಂಗಡಿಯವರು ಸ್ವತಂತ್ರವಾಗಿ ಕೊಟ್ಟು, ಉತ್ಪನ್ನ ಅದರಂತೆ ನಡೆಯದೆ ಹಾನಿಯಾದರೆ, ಅಥವಾ ಅವರು ಮಾಡಿದ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾದರೆ, ಹೊಣೆ ಅವರದಾಗುತ್ತದೆ. ತುದಿ ಕೂರಲಿಲ್ಲವೆಂದು ಅಂಗಡಿಯಲ್ಲೇ ಬ್ರಾಕೆಟ್ ಕೊಯ್ದು ಬೆಸುಗೆ ಹಾಕುವವರು ಈ ಕಲಮನ್ನೊಮ್ಮೆ ಓದಬೇಕು. ವಾಹನವನ್ನು ಎತ್ತರಿಸುವುದು, ಮೂಲ ಅಳತೆ ಮೀರಿದ ಟೈರು ತೊಡಿಸುವುದು ಮೋಟಾರು ವಾಹನ ಅಧಿನಿಯಮದ 52ನೇ ಕಲಮಿನ ಪ್ರಶ್ನೆಯನ್ನೂ ಎಬ್ಬಿಸುತ್ತವೆ. ಅಪಘಾತದ ನಂತರ ವಿಮಾ ಸರ್ವೇಯರು ಮೊದಲು ನೋಡುವುದು ಅವನ್ನೇ.

ತೆರಿಗೆಯ ಬಗ್ಗೆ ಎರಡು ಮಾತು. ಸರಕು ಸಾಗಿಸುವ ಪಿಕಪ್ಪನ್ನು ವ್ಯವಹಾರಕ್ಕಾಗಿ ಬಳಸುವವರು ಅದರ ದುರಸ್ತಿಯ ಮೇಲಿನ ಜಿ.ಎಸ್.ಟಿ. ಜಮೆಯನ್ನು ಪಡೆಯಬಹುದು. ಚಾಲಕರೂ ಸೇರಿ 13ಕ್ಕಿಂತ ಹೆಚ್ಚಿಲ್ಲದ ಆಸನಗಳ ಪ್ರಯಾಣಿಕ ವಾಹನವಾದರೆ, ಕೆಲವು ನಿರ್ದಿಷ್ಟ ಉದ್ಯೋಗಗಳನ್ನು ಬಿಟ್ಟು, ದುರಸ್ತಿ ಸೇವೆಯ ಮೇಲಿನ ಜಮೆಗೆ 17(5)ನೇ ಕಲಮಿನ ತಡೆಯಿದೆ. ಜೀಪು ತೋಟದ ಹೆಸರಿನಲ್ಲಿದೆ ಎಂದ ಮಾತ್ರಕ್ಕೆ ಜಮೆ ದೊರೆಯದು. ವಾರಂಟಿಯಡಿ ಬದಲಿಸಿಕೊಡುವ ಡ್ಯಾಂಪರ್ ವಿಷಯದಲ್ಲಿ 2023ರ ಜುಲೈ 17ರ ಸುತ್ತೋಲೆ ಉಪಯುಕ್ತ. ಬದಲಿಗೆ ಪ್ರತ್ಯೇಕ ಹಣ ಪಡೆಯದಿದ್ದರೆ ಗ್ರಾಹಕರಿಗೆ ತೆರಿಗೆಯಿಲ್ಲ. ಆದರೆ ಅಂಗಡಿಯವರು ತಮ್ಮ ದಾಸ್ತಾನಿನಿಂದ ಕೊಟ್ಟು, ಅದರ ಹಣವನ್ನು ತಯಾರಕರಿಂದ ವಸೂಲು ಮಾಡಿದರೆ ಆ ಮೊತ್ತಕ್ಕೆ ತೆರಿಗೆ ಉಂಟು. ಹಣದ ಬದಲು ಸರಕನ್ನೇ ಮರಳಿ ಪಡೆದರೆ ಈ ಪ್ರಮೇಯ ಬರುವುದಿಲ್ಲ.

ಇಷ್ಟೆಲ್ಲಕ್ಕೂ ಅಂಗಡಿಯಲ್ಲಿ ಬೇಕಾದದ್ದು ಒಂದು ಪುಟದ ಜಾಬ್ ಕಾರ್ಡ್. ವಾಹನದ ಮಾದರಿ, ಓಡಿದ ಕಿಲೋಮೀಟರು, ಟೈರಿನ ಅಳತೆ, ಎಷ್ಟು ಎತ್ತರಿಸಲಾಗಿದೆ, ಟ್ರ್ಯಾಕ್ ಬಾರ್, ಟೈ ರಾಡ್, ಕಿಂಗ್‌ಪಿನ್, ಬೇರಿಂಗುಗಳ ಸ್ಥಿತಿ ಹೇಗಿತ್ತು, ಯಾವುದನ್ನು ಬದಲಿಸಲು ಸೂಚಿಸಲಾಯಿತು, ಗ್ರಾಹಕರು ಯಾವುದನ್ನು ಬೇಡವೆಂದರು ಎಂಬಿಷ್ಟನ್ನು ಬರೆದು, ‘ಡ್ಯಾಂಪರ್ ಕಂಪನವನ್ನು ತಗ್ಗಿಸುತ್ತದೆ, ಸವೆದ ಭಾಗಗಳನ್ನು ಸರಿಪಡಿಸುವುದಿಲ್ಲ’ ಎಂಬ ಸಾಲಿನ ಕೆಳಗೆ ಗ್ರಾಹಕರ ಸಹಿ ಪಡೆದು, ಒಂದು ಪ್ರತಿಯನ್ನು ಬಿಲ್ಲಿನೊಡನೆ ಲಗತ್ತಿಸಿ ಅವರಿಗೆ ಕೊಟ್ಟು, ಇನ್ನೊಂದನ್ನು ಅಂಗಡಿಯ ಕಡತದಲ್ಲಿ ಇರಿಸಿಕೊಳ್ಳಬೇಕು.