ಬಾಯಲ್ಲಿ ಮೂರು ಭಾಷೆ ಇದ್ದರೆ ಸಾಲದು, ಲೆಕ್ಕ ಒಂದೇ ಇರಬೇಕು



ನಮ್ಮ ಹುಡುಗರಿಗೆ ಎರಡು-ಮೂರು ಭಾಷೆ ಬರೋದು ದೊಡ್ಡ ವಿಷಯವೇ ಅಲ್ಲ. ಅಕ್ಕಲಕೋಟೆಯವನಿಗೆ ಕನ್ನಡ, ಮರಾಠಿ, ಹಿಂದಿ. ಹೊಸೂರಿನವನಿಗೆ ಕನ್ನಡ, ತಮಿಳು, ತೆಲುಗು. ಕಾಸರಗೋಡಿನವನಿಗೆ ಕನ್ನಡ, ಮಲಯಾಳ, ತುಳು. ಪೇಟೆಯ ಕಂಪನಿಗಳು ಇಂಥ ಮಾತುಗಾರರನ್ನ ಸಂಬಳ ಕೊಟ್ಟು ಹುಡುಕ್ತಾವೆ. ನಾವು ಮಾತ್ರ ಇದನ್ನ ಬಂಡವಾಳ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ.

ಆದರೆ ಮೂರು ಭಾಷೆ ಬರೋದು ಬೇರೆ, ವ್ಯಾಪಾರಕ್ಕೆ ತಕ್ಕ ಮಾತು ಬರೋದು ಬೇರೆ. ಬಿ.ಕಾಂ ಓದಿ ಬ್ಯಾಂಕಿನ ಕೌಂಟರಿನಲ್ಲಿ ಕೂತಿರೋ ನನ್ನ ಮುಂದೆ ದಿನಾ ಕಿರಾಣಿ ಅಂಗಡಿಯವರು, ಬಟ್ಟೆ ವ್ಯಾಪಾರಿಗಳು, ಮೊಬೈಲ್ ರಿಪೇರಿ ಹುಡುಗರು, ಟೇಲರುಗಳು ಬರ್ತಾರೆ. ಅವರ ಕಷ್ಟ ಕೇಳ್ತಾ ಕೇಳ್ತಾ ನನಗೆ ಒಂದು ಮಾತು ಗಟ್ಟಿಯಾಗಿದೆ. ರೇಟು ಜಾಸ್ತಿ ಅಂತ ಆಗೋ ಜಗಳ ಕಮ್ಮಿ. "ನೀವು ಹಂಗ ಹೇಳಿದ್ರಿ, ನಾನು ಹಿಂಗ ತಿಳಕೊಂಡೆ" ಅಂತ ಆಗೋ ಜಗಳವೇ ಹೆಚ್ಚು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ವ್ಯಾಪಾರದಲ್ಲಿ ಒಳ್ಳೆ ಮಾತು ಅಂದರೆ ಸಿಹಿ ಮಾತಲ್ಲ. ಮಾತು ಮುಗಿದ ಮೇಲೆ ಇಬ್ಬರೂ ಒಂದೇ ರೇಟು, ಒಂದೇ ತಾರೀಖು, ಒಂದೇ ಷರತ್ತು ತಲೆಯಲ್ಲಿ ಇಟ್ಟುಕೊಂಡು ಹೋಗಬೇಕು. ಇದನ್ನ ಸಾಧಿಸೋಕೆ ಗಡಿಯವರಿಗೆ ಬೇರೆಯವರಿಗಿಂತ ಹೆಚ್ಚು ಅನುಕೂಲನೂ ಇದೆ, ಹೆಚ್ಚು ಅಪಾಯನೂ ಇದೆ.

*ಮೊದಲ ಮಾತು ಕನ್ನಡದಲ್ಲಿ ಇರಲಿ*

ನಮ್ಮ ಸಂತೆ, ಪೇಟೆಗಳಲ್ಲಿ ಒಂದು ವಿಚಿತ್ರ ನೋಡಿರಬಹುದು. ಅಂಗಡಿಯವನೂ ಕನ್ನಡಿಗ, ಗಿರಾಕಿನೂ ಕನ್ನಡಿಗ, ವ್ಯವಹಾರ ಮಾತ್ರ ಮರಾಠಿಯಲ್ಲೋ ತಮಿಳಿನಲ್ಲೋ ನಡೀತದೆ. ಇಬ್ಬರೂ ಒಬ್ಬರಿಗೊಬ್ಬರು ಹೊರಗಿನವರು ಅಂದ್ಕೊಂಡು ಅರ್ಧಂಬರ್ಧ ಭಾಷೆಯಲ್ಲಿ ಚೌಕಾಸಿ ಮಾಡ್ತಾರೆ. ಹಳ್ಳಿಯಿಂದ ಬಂದ ಅಜ್ಜಿ ಮಾತು ತೊದಲಿ, ಬೇಕಾಗಿದ್ದನ್ನ ಪೂರಾ ಕೇಳದೆ, ಕಣ್ಣಿಗೆ ಕಂಡಿದ್ದನ್ನ ತಗೊಂಡು ಹೋಗ್ತಾಳೆ. ಅಲ್ಲಿಗೆ ನಿಮ್ಮ ವ್ಯಾಪಾರ ಅರ್ಧ ಆಯ್ತು.

"ಬರ್ರಿ, ಏನ್ ಬೇಕಾಗಿತ್ರಿ?" ಅಂತ ಕನ್ನಡದಲ್ಲೇ ಶುರು ಮಾಡ್ರಿ. ಅದಕ್ಕೆ ಎರಡು ಸೆಕೆಂಡು ಸಾಕು. ಗಿರಾಕಿ ಯಾವ ಭಾಷೆಯಲ್ಲಿ ಉತ್ತರ ಕೊಡ್ತಾರೋ, ಮುಂದಿನ ಮಾತು ಆ ಭಾಷೆಯಲ್ಲಿ. ಇಲ್ಲಿ ಹಟ ಬೇಡ. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಪುಣೆ, ಮುಂಬೈಯಿಂದ ಬಂದವರ ಹತ್ತಿರ ಕನ್ನಡಕ್ಕಾಗಿ ಹಟ ಹಿಡಿದರೆ ಕನ್ನಡವೂ ಬೆಳೆಯಲ್ಲ, ಗಲ್ಲಾಪೆಟ್ಟಿಗೆನೂ ತುಂಬಲ್ಲ. ಅವರ ಮರಾಠಿಗೆ ಮರಾಠಿಯಲ್ಲೇ ಚೆನ್ನಾಗಿ ಉತ್ತರ ಕೊಡೋದು ಸೋಲಲ್ಲ, ಅದು ಕಸುಬು. ಆದರೆ ಕನ್ನಡದಲ್ಲಿ ಕೇಳಿದವರಿಗೆ ಬೇರೆ ಭಾಷೆಯಲ್ಲಿ ಉತ್ತರ ಕೊಡೋದು ಮಾತ್ರ ಕಸುಬಲ್ಲ, ಅದು ಸುಮ್ಮನೆ ಸಂಕೋಚ.

ಬೋರ್ಡಿನ ವಿಷಯನೂ ಹೀಗೇ. ಮಹಾರಾಷ್ಟ್ರದಲ್ಲಿ ಅಂಗಡಿ ಬೋರ್ಡು ಮರಾಠಿಯಲ್ಲಿ ಇರಲೇಬೇಕು, ಬೇರೆ ಭಾಷೆಯ ಅಕ್ಷರ ಅದಕ್ಕಿಂತ ದೊಡ್ಡದಿರಬಾರದು ಅನ್ನೋದು ಕಾನೂನು. ಅದನ್ನ ಪಾಲಿಸ್ರಿ. ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯಬಾರದು ಅಂತ ಆ ಕಾನೂನು ಹೇಳಿಲ್ಲ. ಪೇಮೆಂಟ್ ಬಂದಾಗ ಕೂಗೋ ಸೌಂಡ್‌ಬಾಕ್ಸ್ ಕನ್ನಡದಲ್ಲೂ ಮಾತಾಡ್ತದೆ. ಕೊಟ್ಟು ಹೋದ ಏಜೆಂಟಿಗೆ ಹೇಳಿದರೆ ಭಾಷೆ ಬದಲಾಯಿಸಿ ಕೊಡ್ತಾನೆ.

*ಅಂಕಿ ಬಾಯಲ್ಲಿ ಹೇಳಬೇಡ್ರಿ, ತೋರಿಸ್ರಿ*

ಗಡಿಯ ವ್ಯಾಪಾರದಲ್ಲಿ ಅತಿ ಹೆಚ್ಚು ತಪ್ಪಾಗೋದು ಅಂಕಿಯಲ್ಲಿ. ಮರಾಠಿಯಲ್ಲಿ ದೀಡಶೆ ಅಂದರೆ 150, ಸವ್ವಾಶೆ 125, ಅಡೀಚಶೆ 250, ಪಾವಣೇದೋನಶೆ ಅಂದರೆ 175. ಅಲ್ಲೇ ಹುಟ್ಟಿ ಬೆಳೆದವರಿಗೆ ಇದು ನೀರು ಕುಡಿದಷ್ಟು ಸುಲಭ. ವಿಜಯಪುರ, ಕಲಬುರಗಿ ಕಡೆಯ ಹಳ್ಳಿಯಿಂದ ಬಂದ ಗಿರಾಕಿಗೆ ಪಾವಣೇದೋನಶೆ ಅಂದರೆ ಇನ್ನೂರರ ಮೇಲೆ ಏನೋ ಅಂತ ಕೇಳಿಸಬಹುದು. 89ಕ್ಕೆ ಏಕೋಣನವ್ವದ ಅಂತಾರೆ. ತೊಂಬತ್ತಕ್ಕೆ ಒಂದು ಕಮ್ಮಿ ಅಂತ ಅರ್ಥ. ನವ್ವದ ಅನ್ನೋದಷ್ಟೇ ಕಿವಿಗೆ ಬಿದ್ದವನು ಅದು ತೊಂಬತ್ತರ ಮೇಲಿನ ಅಂಕಿ ಅಂದ್ಕೊಳ್ತಾನೆ.

ಹೊಸೂರು, ತಾಳವಾಡಿ, ಕಾಸರಗೋಡಿನ ಕಡೆ ಬೇರೆ ಥರದ ತೊಡಕು. ತಮಿಳು, ಮಲಯಾಳ ಎರಡರಲ್ಲೂ ತೊಣ್ಣೂರು ಅಂದರೆ 90, ತೊಳ್ಳಾಯಿರಂ ಅಂದರೆ 900. ಕನ್ನಡದ ಕಿವಿಗೆ ಮೊದಲನೆಯದರಲ್ಲಿ ನೂರು ಕೇಳಿಸ್ತದೆ, ಎರಡನೆಯದರಲ್ಲಿ ಸಾವಿರ ಕೇಳಿಸ್ತದೆ. ಹೊಸದಾಗಿ ಸೇಲ್ಸ್ ಕೆಲಸಕ್ಕೆ ಸೇರಿದ ಹುಡುಗ ಇಲ್ಲಿ ಎಡವಿದರೆ ಆರ್ಡರ್ ಪೂರಾ ತಲೆಕೆಳಗು.

ಅಳತೆಯಲ್ಲೂ ಹುಷಾರ್. ಸೊಲ್ಲಾಪುರದ ಕಡೆ ಪಾವ್ ಅಂದರೆ ಕಾಲು ಕಿಲೋ. ಹಳೇ ಮೈಸೂರಿನ ಕಡೆಯ ಹಿರಿಯರಿಗೆ ಪಾವು ಅಂದರೆ ಅಕ್ಕಿ ಅಳೆಯೋ ಅಳತೆ, ತೂಕ ಅಲ್ಲ.

ಇದಕ್ಕೆ ಔಷಧಿ ಸರಳ. ರೇಟನ್ನ ಬಾಯಲ್ಲಿ ಹೇಳ್ತಾನೇ ಕ್ಯಾಲ್ಕುಲೇಟರಿನಲ್ಲಿ ಒತ್ತಿ ಗಿರಾಕಿ ಕಡೆ ತಿರುಗಿಸ್ರಿ. ಇಲ್ಲಾ ಒಂದು ಚೀಟಿಯಲ್ಲಿ ಬರೀರಿ. ಬಾಯಿಯ ಭಾಷೆ ಯಾವುದೇ ಇರಲಿ, 175 ಎಲ್ಲರಿಗೂ 175.

*ನಾಳೆ, ನಾಡಿದ್ದು ಬಿಡ್ರಿ. ವಾರ, ತಾರೀಖು ಹೇಳ್ರಿ*

ಹಿಂದಿಯಲ್ಲಿ ಕಲ್ ಅಂದರೆ ನಿನ್ನೆನೂ ಹೌದು, ನಾಳೆನೂ ಹೌದು. ಮರಾಠಿಯ ಪರವಾ ಅಂದರೆ ಮೊನ್ನೆನೂ ಹೌದು, ನಾಡಿದ್ದೂ ಹೌದು. "ಪರವಾ ಪೇಮೆಂಟ್" ಅಂತ ಅವನು ಹೇಳಿದ್ದು ಕೊಟ್ಟಾಯ್ತು ಅಂತಲೋ, ಕೊಡ್ತೀನಿ ಅಂತಲೋ? ಎದುರಿಗಿದ್ದರೆ ಮುಖ ನೋಡಿ ಗೊತ್ತಾಗ್ತದೆ, ಫೋನಿನಲ್ಲಿ ಗೊತ್ತಾಗಲ್ಲ. ಆದ್ದರಿಂದ "ಗುರುವಾರ, 14ನೇ ತಾರೀಖು, ಸಂಜೆ 5ರ ಒಳಗೆ" ಅಂತ ಪೂರಾ ಹೇಳ್ರಿ. ಆಮೇಲೆ ಅವರ ಬಾಯಿಂದ ಒಂದು ಸಲ ಹೇಳಿಸ್ರಿ. "ತಿಳೀತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. "ಹಂಗಾದ್ರ ಯಾವತ್ತು ಬರ್ತೀರಿ ಹೇಳ್ರಿ" ಅಂತ ಕೇಳಿದರೆ ತಿಳಿದಿದೆಯೋ ಇಲ್ಲವೋ ಬಯಲಾಗ್ತದೆ.

ಫೋನ್ ಆರ್ಡರಿಗೂ ಇದೇ ನಿಯಮ. ಇಡೋಕೆ ಮುಂಚೆ ಸಾಮಾನು, ಲೆಕ್ಕ, ರೇಟು, ದಿನ ನಾಲ್ಕನ್ನೂ ಒಂದು ಸಲ ತಿರುಗಿ ಓದ್ರಿ. ಆಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಕಳಿಸ್ರಿ. ಇಲ್ಲಿ ಗಡಿಯವರಿಗೆ ಒಂದು ವಿಶೇಷ ಸೂಚನೆ: ನಮ್ಮಲ್ಲಿ ಮನೆಯಲ್ಲಿ ಕನ್ನಡ ಮಾತಾಡೋ ಎಷ್ಟೋ ಹುಡುಗರಿಗೆ ಕನ್ನಡ ಓದೋಕೆ ಬರಲ್ಲ, ಶಾಲೆ ಬೇರೆ ಮಾಧ್ಯಮ. ಅವರ ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಲಿಪಿ ಬರಲ್ಲ. ಹಾಗಾಗಿ ಅಂಕಿಗಳಿರೋ ಸಣ್ಣ ಪಟ್ಟಿ, ಸಾಮಾನಿನ ಫೋಟೋ, ಜೊತೆಗೆ ಅರ್ಧ ನಿಮಿಷದ ಕನ್ನಡ ವಾಯ್ಸ್ ಮೆಸೇಜು ಕಳಿಸಿದರೆ ಇಬ್ಬರಿಗೂ ಆಯ್ತು. ಎರಡು ನಿಮಿಷದ ವಾಯ್ಸ್ ಮೆಸೇಜ್ ಯಾರೂ ಕೇಳಲ್ಲ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ ಸಿಗ್ತದೆ. ಅದರಲ್ಲಿ ಪದೇ ಪದೇ ಬರೆಯೋ ಉತ್ತರಗಳನ್ನ ಸೇವ್ ಮಾಡಿ ಇಡಬಹುದು. ವಿಳಾಸ, ಅಂಗಡಿ ಸಮಯ, ರೇಟ್ ಲಿಸ್ಟ್ ಕನ್ನಡದಲ್ಲಿ ಒಂದು, ರಾಜ್ಯದ ಭಾಷೆಯಲ್ಲಿ ಒಂದು ಬರೆದಿಡ್ರಿ.

*ಉದ್ರಿ ಕೇಳೋದೂ ಒಂದು ಮಾತುಗಾರಿಕೆ*

ಉದ್ರಿ ಇಲ್ಲದ ಹಳ್ಳಿ ವ್ಯಾಪಾರ ಇಲ್ಲ. ಕೊಡೋವಾಗ ನಾವು ಬಾಯಿ ಬಿಡಲ್ಲ, ವಸೂಲಿಗೆ ನಿಂತಾಗ ಬಾಯಿ ಹೆಚ್ಚಾಗ್ತದೆ. ತಿರುಗಿಸ್ರಿ ಇದನ್ನ. ಉದ್ರಿ ಕೊಡೋ ದಿನವೇ "1,850 ಆಯ್ತು ಕಾಕಾ, ಅಮವಾಸಿ ಆದ ಸೋಮವಾರ ಕೊಡ್ರಿ, ಬರ್ಕೊಂಡೀನಿ" ಅಂತ ಪುಸ್ತಕ ತೋರಿಸ್ರಿ. ಕೇಳೋವಾಗ ನಾಲ್ಕು ಜನರ ಎದುರು ಕೇಳಬೇಡ್ರಿ. ಮರ್ಯಾದೆ ಹೋದ ಗಿರಾಕಿ ರೊಕ್ಕನೂ ಕೊಡಲ್ಲ, ತಿರುಗಿ ಬರೋದೂ ಇಲ್ಲ. "ಯಾವಾಗ ಕೊಡ್ತೀರಿ?" ಅಂದರೆ "ಕೊಡೋಣ ಬಿಡು" ಅಂತ ಉತ್ತರ ರೆಡಿ ಇರ್ತದೆ. "1,850 ಐತ್ರಿ. ಇವತ್ತು ಸಾವಿರ ಕೊಡ್ತೀರೋ, ಸೋಮವಾರ ಪೂರಾ ಕೊಡ್ತೀರೋ?" ಅಂತ ಕೇಳ್ರಿ. ಎರಡರಲ್ಲಿ ಒಂದು ಆರಿಸೋದು ಮನುಷ್ಯನಿಗೆ ಸುಲಭ. ಕೊಟ್ಟ ದಿನ ಅವರ ಕಣ್ಣೆದುರೇ ಲೆಕ್ಕ ಹೊಡೆದು ಹಾಕ್ರಿ.

*ಬ್ಯಾಂಕಿನ ಟೇಬಲ್ ಮುಂದೆ*

ಇದು ನನ್ನ ಜಾಗ, ಅದಕ್ಕೆ ಸ್ವಲ್ಪ ಹೆಚ್ಚು ಹೇಳ್ತೀನಿ. ಮ್ಯಾನೇಜರ್ ಎಷ್ಟೋ ಸಲ ಬೇರೆ ರಾಜ್ಯದವರು. ಅವರಿಗೆ ಕನ್ನಡನೂ ಬರಲ್ಲ, ಊರ ಭಾಷೆನೂ ಬರಲ್ಲ. ಅಂಗಡಿಯಲ್ಲಿ ಸಿಂಹದ ಥರ ಮಾತಾಡೋ ಹುಡುಗ ಅವರ ಮುಂದೆ "ಸರ್, ಮುದ್ರಾ ಲೋನ್ ಬೇಕು" ಅಂದು ಸುಮ್ಮನಾಗ್ತಾನೆ. ಎಷ್ಟು ಅಂದರೆ "ಎಷ್ಟು ಬರ್ತದೋ ಅಷ್ಟು." ಈ ಉತ್ತರ ಕೇಳಿದ ಮೇಲೆ ಯಾವ ಅಧಿಕಾರಿಗೂ ನಂಬಿಕೆ ಹುಟ್ಟಲ್ಲ.

ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರ್ಕೊಂಡು ಹೋಗ್ರಿ. ಉದಾಹರಣೆಗೆ: ಟೇಲರಿಂಗ್ ಅಂಗಡಿ, ನಾಲ್ಕು ವರ್ಷ ಆಯ್ತು. ತಿಂಗಳ ವ್ಯಾಪಾರ 60,000, ಖರ್ಚು ಕಳೆದು ಉಳಿಯೋದು 22,000. ಎರಡು ಮಷೀನಿಗೆ 90,000 ಬೇಕು, ಕೊಟೇಶನ್ ಇಲ್ಲಿದೆ. ತಿಂಗಳಿಗೆ 4,500 ಕಟ್ಟಬಲ್ಲೆ. ಇಷ್ಟೇ. ನಿಮ್ಮ ಹಿಂದಿಯಲ್ಲಿ ವ್ಯಾಕರಣ ಕೆಟ್ಟರೂ ಅಂಕಿ ಕೆಡಲ್ಲ. ಮುದ್ರಾದಲ್ಲಿ 50,000ದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ಮೇಲಿನ ಟೇಲರ್ ಕೇಳಬೇಕಾದ್ದು ಕಿಶೋರ್ ಅಂತ ತಿಳಿದುಕೊಂಡು ಹೋದರೆ ಅರ್ಧ ಮಾತು ಅಲ್ಲೇ ಮುಗೀತದೆ. ಉದ್ಯಮ್ ನೋಂದಣಿಗೆ ಸರ್ಕಾರಿ ಪೋರ್ಟಲ್‌ನಲ್ಲಿ ಶುಲ್ಕ ಇಲ್ಲ. ಅದಕ್ಕೆ ಸಾವಿರಾರು ರೂಪಾಯಿ ಕೇಳೋ ಏಜೆಂಟರಿಂದ ದೂರ ಇರ್ರಿ.

*ಈಗ ಗಿರಾಕಿ ನೀವು*

ಇಲ್ಲಿವರೆಗೆ ಗಿರಾಕಿಗೆ ತಿಳಿಯೋ ಹಾಗೆ ಹೇಳ್ರಿ ಅಂದೆ. ಸಾಲ ತಗೊಳ್ಳೋವಾಗ ಗಿರಾಕಿ ನೀವೇ. ಆಗ ನಿಮಗೆ ತಿಳಿಯೋ ಹಾಗೆ ಹೇಳೋ ಜವಾಬ್ದಾರಿ ಸಾಲ ಕೊಡೋರದು. ಇದು ದಯೆ ಅಲ್ಲ, ನಿಯಮ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, 2024ರ ಅಕ್ಟೋಬರ್ 1ರಿಂದ ಮಂಜೂರಾದ ರಿಟೇಲ್ ಸಾಲಗಳಿಗೆ, ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಹಾಳೆ ಕೊಡಲೇಬೇಕು. ಅದು ಸಾಲಗಾರನಿಗೆ ಅರ್ಥವಾಗೋ ಭಾಷೆಯಲ್ಲಿ ಇರಬೇಕು, ಅದನ್ನ ವಿವರಿಸಬೇಕು, ಅರ್ಥವಾಯ್ತು ಅಂತ ಒಪ್ಪಿಗೆ ಪಡೀಬೇಕು.

ಗಮನಿಸ್ರಿ, ಇಲ್ಲಿ ರಾಜ್ಯದ ಭಾಷೆ ಅಂತ ಬರೆದಿಲ್ಲ, ಅರ್ಥವಾಗೋ ಭಾಷೆ ಅಂತ ಬರೆದಿದೆ. ಬ್ಯಾಂಕಿನ ಫಾರ್ಮುಗಳು ಇಂಗ್ಲಿಷ್, ಹಿಂದಿ, ಪ್ರಾದೇಶಿಕ ಭಾಷೆ ಅಂತ ಮೂರರಲ್ಲಿ ಬರ್ತವೆ; ಗಡಿಯಾಚೆ ಆ ಮೂರರಲ್ಲಿ ಕನ್ನಡ ಕಾಣಲ್ಲ. ಆದರೆ ಜತ್ತ ತಾಲೂಕಿನ ಕನ್ನಡ ರೈತ, ಮಡಕಶಿರದ ಕನ್ನಡ ಅಂಗಡಿಯವ "ಈ ಹಾಳೆ ನನಗೆ ಕನ್ನಡದಲ್ಲಿ ಕೊಡ್ರಿ" ಅಂತ ಕೇಳೋಕೆ ಈ ನಿಯಮ ದಾರಿ ಮಾಡಿದೆ. ನಮ್ಮವರು ಕೇಳೋದೇ ಇಲ್ಲ. ಕೇಳದಿದ್ದರೆ ಯಾರಿಗೂ ಬೇಡಿಕೆ ಇಲ್ಲ ಅಂತಲೇ ಲೆಕ್ಕ.

ಆ ಹಾಳೆ ಯಾಕೆ ಮುಖ್ಯ? ಅದರಲ್ಲಿ ವರ್ಷದ ನಿಜವಾದ ದರ ಇರ್ತದೆ. ಬಡ್ಡಿ, ಪ್ರೊಸೆಸಿಂಗ್ ಫೀ, ಸಾಲ ಕೊಡೋರು ನಿಮ್ಮಿಂದ ವಸೂಲು ಮಾಡೋ ವಿಮೆ ಖರ್ಚು ಎಲ್ಲ ಸೇರಿಸಿ. ಒಂದು ಲಕ್ಷ ಸಾಲ, "12 ಪರ್ಸೆಂಟ್ ಫ್ಲಾಟ್", ಒಂದು ವರ್ಷ ಅಂತ ಏಜೆಂಟ್ ಹೇಳಿದ ಅಂದ್ಕೊಳ್ರಿ. ತಿಂಗಳ ಕಂತು ಸುಮಾರು 9,333. ನೀವು ತಿಂಗಳು ತಿಂಗಳು ಅಸಲು ತೀರಿಸ್ತಾ ಹೋದರೂ ಬಡ್ಡಿ ಮಾತ್ರ ಪೂರಾ ಒಂದು ಲಕ್ಷದ ಮೇಲೆ ಬೀಳ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ 21 ಪರ್ಸೆಂಟ್ ದಾಟ್ತದೆ. ಏಜೆಂಟ್ ಸುಳ್ಳು ಹೇಳಲಿಲ್ಲ. ನಿಮಗೆ ತಿಳಿಯೋ ಹಾಗೆ ಹೇಳಲಿಲ್ಲ, ಅಷ್ಟೇ. ಆ "ಅಷ್ಟೇ" ಅನ್ನೋದರಲ್ಲೇ ಎಷ್ಟೋ ಮನೆಯ ಬಂಗಾರ ಒತ್ತೆಗೆ ಹೋಗ್ತದೆ.

ಕೊನೆಗೆ ಒಂದು ಮಾತು. ರಾಜ್ಯದ ಭಾಷೆಯನ್ನ ಓದೋಕೆ, ಬರೆಯೋಕೆ ಚೆನ್ನಾಗಿ ಕಲೀರಿ. ನೋಟೀಸು, ಲೈಸೆನ್ಸು, ಬಿಲ್ಲು ಎಲ್ಲ ಅದರಲ್ಲೇ ಬರ್ತದೆ, ಅರ್ಧ ಕಲಿತವನೇ ಮೋಸ ಹೋಗೋನು. ಹಾಗಂತ ಕನ್ನಡವನ್ನ ಮನೆ ಅಡುಗೆಕೋಣೆಗೆ ತಳ್ಳಬೇಡ್ರಿ. ಹಣ ಎಣಿಸದ ಭಾಷೆಯನ್ನ ಮಕ್ಕಳು ಕಲಿಯೋದಿಲ್ಲ. ನಿಮ್ಮ ಅಂಗಡಿಯ ರೇಟ್ ಲಿಸ್ಟ್‌ನಲ್ಲಿ, ಉದ್ರಿ ಪುಸ್ತಕದಲ್ಲಿ, ಬ್ಯಾಂಕಿನ ಹಾಳೆಯಲ್ಲಿ ಕನ್ನಡ ಇದ್ದರೆ ಅದಕ್ಕೆ ಬೇರೆ ರಕ್ಷಣೆ ಹೆಚ್ಚು ಬೇಕಾಗಲ್ಲ.

ನಾಳೆ ಅಂಗಡಿ ತೆಗೆದ ಮೇಲೆ ಒಂದೇ ಕೆಲಸ ಮಾಡ್ರಿ: ಹೆಚ್ಚು ಮಾರಾಟ ಆಗೋ ಹತ್ತು ಸಾಮಾನಿನ ಹೆಸರು ಎರಡು ಭಾಷೆಯಲ್ಲಿ, ರೇಟು ಅಂಕಿಯಲ್ಲಿ ಬರೆದು ಗಿರಾಕಿಗೆ ಕಾಣೋ ಹಾಗೆ ಅಂಟಿಸ್ರಿ.